ಏಜೆಂಟ್ ಕೈಗೆ ಕಿರ್ದಿ. ಕೀಲಿ ಯಾರ ಕೈಯಲ್ಲಿ?

ಕಂಪನಿಗಳ ಲೆಕ್ಕಪತ್ರದೊಳಗೆ ಎಐ ಏಜೆಂಟ್‌ಗಳು ಕಾಲಿಡುತ್ತಿವೆ. ಅವನ್ನು ಒಳಗೆ ಬಿಟ್ಟುಕೊಳ್ಳುವಾಗ ಏನು ನೋಡಬೇಕೆಂಬುದನ್ನು ಹೈದರಾಬಾದ್ ನಗರ ದುಬಾರಿ ಬೆಲೆ ತೆತ್ತು ಮೊದಲೇ ಕಲಿತಿದೆ.

ಜೀಡಿಮೆಟ್ಲ, ಬೊಲ್ಲಾರಂ, ಪಟಾನ್‌ಚೆರು. ಹೈದರಾಬಾದ್‌ನ ಅಂಚಿನ ಈ ಕೈಗಾರಿಕಾ ಪ್ರದೇಶಗಳಿಂದ ದೇಶದ ಔಷಧ ಕಂಪನಿಗಳಿಗೆ ಬೇಕಾದ ಮೂಲವಸ್ತುಗಳ ದೊಡ್ಡ ಪಾಲು ಹೊರಡುತ್ತದೆ. ಇಲ್ಲಿನ ಒಂದು ಮಧ್ಯಮ ಗಾತ್ರದ ಕಾರ್ಖಾನೆಗೆ ಟೊಲುಯಿನ್ ಎಂಬ ದ್ರಾವಕ ಟ್ಯಾಂಕರ್‌ನಲ್ಲಿ ಬಂತು ಎಂದಿಟ್ಟುಕೊಳ್ಳೋಣ. ಕಾರ್ಖಾನೆ ಕೊಟ್ಟ ಪರ್ಚೇಸ್ ಆರ್ಡರ್‌ನಲ್ಲಿ, ಅಂದರೆ ಪಿಒದಲ್ಲಿ, 10,000 ಲೀಟರ್ ಎಂದಿದೆ. ಪೂರೈಕೆದಾರ ಕಳಿಸಿದ ಬಿಲ್ಲಿನಲ್ಲಿ 8,500 ಕಿಲೊ ಎಂದಿದೆ. ಸರಕು ಬಂದದ್ದಕ್ಕೆ ಸ್ಟೋರ್ಸ್‌ನವರು ಮಾಡಿದ ಜಿಆರ್‌ಎನ್‌ನಲ್ಲಿ ಒಂದು ಟ್ಯಾಂಕರ್ ಎಂದಷ್ಟೇ ಇದೆ. ಈ ಮೂರೂ ಕಾಗದ ಒಂದಕ್ಕೊಂದು ತಾಳೆಯಾದರೆ ಮಾತ್ರ ಹಣ ಬಿಡುಗಡೆ. ಅಕೌಂಟ್ಸ್ ವಿಭಾಗದವರು ಇದನ್ನು ತ್ರೀ ವೇ ಮ್ಯಾಚ್ ಎನ್ನುತ್ತಾರೆ.

ಕಂಪನಿಯ ತಂತ್ರಾಂಶಕ್ಕೆ ಲೀಟರ್ ಬೇರೆ, ಕಿಲೊ ಬೇರೆ. ಅದು ಬಿಲ್ಲನ್ನು ತಡೆಹಿಡಿದು ಕೂರುತ್ತದೆ. ಇದುವರೆಗೆ ಏನಾಗುತ್ತಿತ್ತು? ಅಕೌಂಟ್ಸ್‌ನಲ್ಲಿರುವವರೊಬ್ಬರು ಸ್ಟೋರ್ಸ್‌ಗೆ ಫೋನ್ ಮಾಡಿ, ಸ್ಟೋರ್ಸ್‌ನವರು ವೇಬ್ರಿಡ್ಜ್ ಚೀಟಿ ಹುಡುಕಿ, ಕ್ಯಾಲ್ಕುಲೇಟರ್ ಒತ್ತಿ, ಮೂರು ದಿನದ ಮೇಲೆ ಬಿಲ್ ಪಾಸಾಗುತ್ತಿತ್ತು. ಈಗ ಆ ಜಾಗಕ್ಕೆ ಎಐ ಏಜೆಂಟ್ ಬಂದಿದೆ. ಟೊಲುಯಿನ್‌ನ ಸಾಂದ್ರತೆ ಅದಕ್ಕೆ ಗೊತ್ತು. 20 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 0.867 ಕಿಲೊ, ಅಂದರೆ 10,000 ಲೀಟರಿಗೆ 8,670 ಕಿಲೊ ಇರಬೇಕಿತ್ತು. ಬಿಲ್ಲಿನಲ್ಲಿ 170 ಕಿಲೊ ಕಡಿಮೆ ಇದೆ. ಏಜೆಂಟ್ ಅಲ್ಲಿಗೇ ನಿಲ್ಲುವುದಿಲ್ಲ. ಇದು ಮೇ ತಿಂಗಳು, ಹೈದರಾಬಾದ್‌ನಲ್ಲಿ 40 ಡಿಗ್ರಿ ಬಿಸಿಲು, ಬಿಸಿಯಾದ ದ್ರವ ಹಿಗ್ಗುತ್ತದೆ, ಆ ಉಷ್ಣತೆಯಲ್ಲಿ ಸಾಂದ್ರತೆ 0.85ರ ಆಸುಪಾಸಿಗೆ ಇಳಿಯುತ್ತದೆ, ಆದ್ದರಿಂದ ಬಿಲ್ ಸರಿಯಿದೆ ಎಂದು ಕ್ಷಣಮಾತ್ರದಲ್ಲಿ ಷರಾ ಬರೆಯುತ್ತದೆ.

ಮೆಚ್ಚಬೇಕಾದ ಜಾಣತನವೇ ಸರಿ. ಆದರೆ ದಾರಿಯಲ್ಲಿ ಯಾರಾದರೂ 170 ಕಿಲೊ ಇಳಿಸಿಕೊಂಡಿದ್ದರೂ ಏಜೆಂಟ್ ಇದೇ ಷರಾ ಬರೆಯುತ್ತಿತ್ತು. ನಂಬುವಂಥ ಕಾರಣ ಸಿಕ್ಕಿತೆಂದ ಮಾತ್ರಕ್ಕೆ ಅದು ನಿಜವೆಂದು ರುಜುವಾತಾದಂತಲ್ಲ. ರುಜುವಾತು ಇರುವುದು ವೇಬ್ರಿಡ್ಜ್ ಚೀಟಿಯಲ್ಲಿ. ಕಂಪನಿಗಳ ದಿನನಿತ್ಯದ ವ್ಯವಹಾರಕ್ಕೆ ಏಜೆಂಟ್‌ಗಳನ್ನು ತರುವ ಮಾತು ಬಂದಾಗಲೆಲ್ಲ ಅವುಗಳ ಬುದ್ಧಿವಂತಿಕೆಯ ಬಗ್ಗೆಯೇ ಚರ್ಚೆ ನಡೆಯುತ್ತದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಅವುಗಳ ಅಧಿಕಾರದ್ದು. ಏಜೆಂಟ್ ಏನನ್ನು ನೋಡಬಹುದು, ಏನನ್ನು ಬರೆಯಬಹುದು, ಬರೆದದ್ದನ್ನು ಅಳಿಸಬಹುದೇ, ತಪ್ಪಾದರೆ ಯಾರು ಉತ್ತರ ಹೇಳಬೇಕು?

ಒಂದೇ ಪುಸ್ತಕದ ಕನಸು

ಸಮಗ್ರ ವ್ಯವಹಾರ ತಂತ್ರಾಂಶ, ಅಂದರೆ ಕಂಪನಿಗಳಲ್ಲಿ ಎಲ್ಲರೂ ಇಆರ್‌ಪಿ ಎಂದು ಕರೆಯುವ ವ್ಯವಸ್ಥೆ, ಹುಟ್ಟಿದ್ದು ಒಂದು ಸರಳ ತಲೆನೋವಿನಿಂದ. ಖರೀದಿ ವಿಭಾಗದ ಪುಸ್ತಕ ಒಂದು, ಗೋದಾಮಿನದು ಇನ್ನೊಂದು, ಉತ್ಪಾದನೆಯದು ಮತ್ತೊಂದು, ಲೆಕ್ಕ ವಿಭಾಗದ ಕಿರ್ದಿ ಖತಾವಣಿ ಬೇರೆಯೇ. ತಿಂಗಳ ಕೊನೆಗೆ ನಾಲ್ಕೂ ನಾಲ್ಕು ಕಥೆ ಹೇಳುತ್ತಿದ್ದವು. 1960ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಯಾವ ಬಿಡಿಭಾಗ ಎಷ್ಟು, ಯಾವಾಗ ಬೇಕೆಂಬುದನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕತೊಡಗಿದವು. 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಎಂಜಿನಿಯರ್‌ಗಳು ಜರ್ಮನಿಯಲ್ಲಿ ಸ್ಯಾಪ್ ಕಂಪನಿ ಶುರುಮಾಡಿದರು. ಲೆಕ್ಕ, ಖರೀದಿ, ಗೋದಾಮು, ಮಾರಾಟ ಎಲ್ಲವೂ ಒಂದೇ ದತ್ತಾಂಶದ ಮೇಲೆ ನಡೆಯಬೇಕೆಂಬುದು ಅವರ ಹಟ. 1992ರಲ್ಲಿ ಬಂದ ಅವರ ಆರ್/3 ಆವೃತ್ತಿ ಜಗತ್ತಿನ ದೊಡ್ಡ ಕಂಪನಿಗಳನ್ನೆಲ್ಲ ಹೊಕ್ಕಿತು. ನಮ್ಮ ಸಣ್ಣ ವ್ಯಾಪಾರಿಗಳ ಪಾಲಿಗೆ ಆ ಕೆಲಸ ಮಾಡಿದ್ದು ಬೆಂಗಳೂರಿನ ಟ್ಯಾಲಿ. ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯವಹಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗದೆ ಮಗ ಭರತ್ ಗೋಯೆಂಕಾ ಕೈಯಲ್ಲಿ ಬರೆಸಿದ್ದು. 1986ರಲ್ಲಿ ಆರಂಭವಾದ ಕಂಪನಿ.

ಒಂದೇ ಪುಸ್ತಕದ ಈ ಕನಸಿಗೆ ಬೆಲೆ ಇಲ್ಲದಿಲ್ಲ. ತಂತ್ರಾಂಶ ಒಂದು ಶಿಸ್ತನ್ನು ಬಯಸುತ್ತದೆ, ಕಂಪನಿಗೆ ತನ್ನದೇ ರೂಢಿ ಇರುತ್ತದೆ. ಜರ್ಮನಿಯ ಲಿಡ್ಲ್ ಎಂಬ ದೊಡ್ಡ ದಿನಸಿ ಮಳಿಗೆ ಸಂಸ್ಥೆ ಗೋದಾಮಿನ ಸರಕನ್ನು ಖರೀದಿ ಬೆಲೆಯಲ್ಲಿ ಲೆಕ್ಕ ಇಡುತ್ತಿತ್ತು. ಸ್ಯಾಪ್‌ನ ರೂಢಿ ಮಾರಾಟ ಬೆಲೆಯದು. ಲಿಡ್ಲ್ ತನ್ನ ಪದ್ಧತಿ ಬಿಡಲಿಲ್ಲ, ತಂತ್ರಾಂಶವನ್ನೇ ತಿದ್ದಿಸುತ್ತ ಹೋಯಿತು. ಏಳು ವರ್ಷ ದುಡಿದು, ಸುಮಾರು 50 ಕೋಟಿ ಯೂರೊ ಸುರಿದು, 2018ರಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟಿತು. ಏಜೆಂಟ್ ತಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಕಥೆಯನ್ನು ಓದಿಕೊಳ್ಳಬೇಕು. ಅಡಿಪಾಯದ ದತ್ತಾಂಶವೇ ಗೋಜಲಾಗಿದ್ದರೆ, ಒಬ್ಬನೇ ಪೂರೈಕೆದಾರ ಮೂರು ಹೆಸರಲ್ಲಿ ಪೂರೈಕೆದಾರರ ಪಟ್ಟಿಯಾದ ವೆಂಡರ್ ಮಾಸ್ಟರ್‌ನಲ್ಲಿ ಕೂತಿದ್ದರೆ, ಏಜೆಂಟ್ ಆ ಗೋಜಲನ್ನೇ ಇನ್ನಷ್ಟು ವೇಗವಾಗಿ ಹರಡುತ್ತದೆ.

ಏಜೆಂಟ್ ಎಂದರೆ ಯಾವುದು

ಚಾಟ್‌ಬಾಟ್ ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಏಜೆಂಟ್ ಕೆಲಸ ಮಾಡುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ. ಒಂದು ಭಾಷಾ ಮಾದರಿಗೆ ಗುರಿಯೊಂದನ್ನು ಕೊಡುತ್ತಾರೆ. ಜೊತೆಗೆ ಕೆಲವು ಸಾಧನಗಳನ್ನು ಕೊಡುತ್ತಾರೆ: ಇಮೇಲ್ ಓದುವುದು, ಇಆರ್‌ಪಿಯಲ್ಲಿ ಹುಡುಕುವುದು, ವೋಚರ್ ಎಂಟ್ರಿ ಹಾಕುವುದು, ಪೂರೈಕೆದಾರನಿಗೆ ಪತ್ರ ಕಳಿಸುವುದು. ಮಾದರಿ ಮುಂದಿನ ಹೆಜ್ಜೆ ಏನೆಂದು ತೀರ್ಮಾನಿಸುತ್ತದೆ, ಸಾಧನ ಬಳಸುತ್ತದೆ, ಬಂದ ಫಲಿತಾಂಶ ನೋಡುತ್ತದೆ, ಮತ್ತೆ ತೀರ್ಮಾನಿಸುತ್ತದೆ. ಗುರಿ ಮುಟ್ಟುವವರೆಗೆ ಈ ಸುತ್ತು ನಡೆಯುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ ಹೊರಗಿನ ತಂತ್ರಾಂಶಗಳನ್ನು ಕರೆಯುವ ಸೌಲಭ್ಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್, ಯಾವ ಮಾದರಿಯನ್ನಾದರೂ ಯಾವ ತಂತ್ರಾಂಶಕ್ಕಾದರೂ ಜೋಡಿಸಬಲ್ಲ ಎಂಸಿಪಿ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ವ್ಯವಹಾರ ತಂತ್ರಾಂಶ ಮಾರುವವರೂ ಸುಮ್ಮನೆ ಕೂರಲಿಲ್ಲ. ಸ್ಯಾಪ್ 2023ರಲ್ಲೇ ಜೂಲ್ ಎಂಬ ಸಹಾಯಕನನ್ನು ತಂದಿತ್ತು. ಸೇಲ್ಸ್‌ಫೋರ್ಸ್ 2024ರಲ್ಲಿ ಏಜೆಂಟ್‌ಫೋರ್ಸ್ ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೈಕ್ರೊಸಾಫ್ಟ್ ತನ್ನ ಡೈನಮಿಕ್ಸ್ 365ಕ್ಕೆ ಹತ್ತು ಏಜೆಂಟ್‌ಗಳನ್ನು ಘೋಷಿಸಿತು. ಖಾತೆಗಳನ್ನು ತಾಳೆ ನೋಡುವ, ಪೂರೈಕೆದಾರರೊಂದಿಗೆ ಪತ್ರ ವ್ಯವಹಾರ ನಡೆಸುವ ಏಜೆಂಟ್‌ಗಳೂ ಅದರಲ್ಲಿದ್ದವು. ಮೈಕ್ರೊಸಾಫ್ಟ್, ಸೇಲ್ಸ್‌ಫೋರ್ಸ್, ಸರ್ವಿಸ್‌ನೌ, ಒರಾಕಲ್, ಎಲ್ಲಕ್ಕೂ ಹೈದರಾಬಾದ್‌ನಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರಗಳಿವೆ. ಮೈಕ್ರೊಸಾಫ್ಟ್ ಬಂದದ್ದು 1998ರಲ್ಲಿ. ಸೈಬರ್ ಟವರ್ಸ್ ಉದ್ಘಾಟನೆಯಾದ ವರ್ಷವೂ ಅದೇ.

ಇದಕ್ಕೂ ಮೊದಲು ಕಂಪನಿಗಳಲ್ಲಿ ಬಾಟ್‌ಗಳಿದ್ದವು. ಅವು ಪರದೆಯ ಮೇಲೆ ಹೇಳಿಕೊಟ್ಟ ಜಾಗದಲ್ಲಿ ಕ್ಲಿಕ್ ಮಾಡುತ್ತಿದ್ದವು. ಬಿಲ್ಲಿನ ಒಂದು ಕಾಲಂ ಆಚೀಚೆ ಸರಿದರೆ ನಿಂತುಬಿಡುತ್ತಿದ್ದವು. ಏಜೆಂಟ್ ಹಾಗೆ ನಿಲ್ಲುವುದಿಲ್ಲ. ಕೈಬರಹದ ಚಲನ್ ಇರಲಿ, ತೆಲುಗಿನಲ್ಲಿ ಬಂದ ವಾಟ್ಸ್‌ಆ್ಯಪ್ ಸಂದೇಶ ಇರಲಿ, ಅರ್ಥ ಮಾಡಿಕೊಂಡು ಮುಂದೆ ಸಾಗುತ್ತದೆ. ಅದರ ಬಲವೂ ಅದೇ, ಅಪಾಯವೂ ಅದೇ.

ಏಜೆಂಟ್‌ಗೆ ಹೇಳಿಮಾಡಿಸಿದ ಕೆಲಸ ಯಾವುದು ಎಂದು ಕೇಳಿದರೆ ಜಿಎಸ್‌ಟಿ ತಾಳೆಯನ್ನು ತೋರಿಸಬಹುದು. ಪ್ರತಿ ತಿಂಗಳ 14ರಂದು ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಪಟ್ಟಿ ಸಿದ್ಧವಾಗುತ್ತದೆ. ನಮಗೆ ಸರಕು ಮಾರಿದವರು ತಮ್ಮ ರಿಟರ್ನ್‌ನಲ್ಲಿ ಏನೇನು ತೋರಿಸಿದ್ದಾರೆ ಎಂಬುದು ಅದರಲ್ಲಿರುತ್ತದೆ. 2022ರ ಜನವರಿಯಿಂದೀಚೆಗೆ ಅದರಲ್ಲಿ ಕಾಣದ ಬಿಲ್ಲಿಗೆ ತೆರಿಗೆ ಜಮೆ ಪಡೆಯುವಂತಿಲ್ಲ. 20ರೊಳಗೆ ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸಬೇಕು. ನಡುವೆ ಉಳಿಯುವುದು ಆರು ದಿನ. ಸಾವಿರಾರು ಬಿಲ್ಲುಗಳಲ್ಲಿ ಯಾವುದು ಕಾಣೆಯಾಗಿದೆ, ಯಾವುದರಲ್ಲಿ ಬಿಲ್ ನಂಬರಿನ ಒಂದು ಸೊನ್ನೆ ತಪ್ಪಿದೆ, ಯಾರು ಇನ್ನೂ ರಿಟರ್ನ್ ಹಾಕಿಲ್ಲ ಎಂದು ಹುಡುಕಿ, ಪ್ರತಿಯೊಬ್ಬರಿಗೂ ಜ್ಞಾಪನೆ ಬರೆಯುವ ಕೆಲಸದಲ್ಲಿ ಅಕೌಂಟ್ಸ್‌ನವರ ಎಷ್ಟೋ ರಾತ್ರಿಗಳು ಕಳೆದಿವೆ. ಏಜೆಂಟ್ ಇದನ್ನು ಮಾಡಿದರೆ ಯಾರಿಗೂ ನಷ್ಟವಿಲ್ಲ. ಅದು ಓದುತ್ತದೆ, ಹೋಲಿಸುತ್ತದೆ, ಪತ್ರ ಬರೆಯುತ್ತದೆ. ಲೆಕ್ಕದ ಪುಸ್ತಕವನ್ನು ಮುಟ್ಟುವುದಿಲ್ಲ.

ಎಡವುವುದು ಎಲ್ಲಿ

ಪುಸ್ತಕವನ್ನು ಮುಟ್ಟತೊಡಗಿದಾಗ ಕಥೆ ಬದಲಾಗುತ್ತದೆ. ಒಂದು ಹೆಜ್ಜೆಯಲ್ಲಿ ಏಜೆಂಟ್ 100ಕ್ಕೆ 95 ಸಲ ಸರಿ ಮಾಡುತ್ತದೆ ಎನ್ನಿ. ಒಳ್ಳೆಯ ಅಂಕವೇ. ಆದರೆ ಒಂದರ ಮೇಲೊಂದು ನಿಂತ 20 ಹೆಜ್ಜೆಗಳ ಕೆಲಸವಾದರೆ, ಕೊನೆಯವರೆಗೂ ಎಲ್ಲವೂ ಸರಿಯಾಗುವ ಸಾಧ್ಯತೆ 36 ಪ್ರತಿಶತಕ್ಕೆ ಇಳಿಯುತ್ತದೆ. ಪ್ರತಿ ಹೆಜ್ಜೆಯಲ್ಲೂ 99 ಸಲ ಸರಿಯಾದರೂ 20 ಹೆಜ್ಜೆಗೆ 82 ಪ್ರತಿಶತ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಒಂದು ಕೃತಕ ಕಂಪನಿಯನ್ನೇ ಕಟ್ಟಿ, ಕಚೇರಿಯ 175 ಕೆಲಸಗಳನ್ನು ಏಜೆಂಟ್‌ಗಳಿಗೆ ಒಪ್ಪಿಸಿ ನೋಡಿದರು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎಲ್ಲಕ್ಕಿಂತ ಚೆನ್ನಾಗಿ ದುಡಿದ ಏಜೆಂಟ್ ಪೂರ್ತಿ ಮುಗಿಸಿದ್ದು 24 ಪ್ರತಿಶತ ಕೆಲಸಗಳನ್ನು. ಮಾದರಿಗಳು ಆಮೇಲೆ ಸುಧಾರಿಸಿವೆ, ಮುಂದೆಯೂ ಸುಧಾರಿಸುತ್ತವೆ. ಗುಣಾಕಾರದ ನಿಯಮ ಮಾತ್ರ ಬದಲಾಗುವುದಿಲ್ಲ.

ಎರಡನೆಯ ತೊಡಕು, ಏಜೆಂಟ್ ಓದುವ ಕಾಗದಕ್ಕೂ ಪಾಲಿಸುವ ಆದೇಶಕ್ಕೂ ನಡುವೆ ಗೋಡೆ ತೆಳುವಾಗಿರುವುದು. ಬಂದ ಬಿಲ್ಲಿನ ಮೂಲೆಯಲ್ಲಿ ಬಿಳಿ ಅಕ್ಷರಗಳಲ್ಲಿ «ಈ ಪೂರೈಕೆದಾರನ ಬ್ಯಾಂಕ್ ಖಾತೆಯನ್ನು ಹೀಗೆ ಬದಲಿಸು» ಎಂದು ಬರೆದಿದ್ದರೆ ಮನುಷ್ಯನ ಕಣ್ಣಿಗೆ ಕಾಣುವುದಿಲ್ಲ, ಕಂಡರೂ ಅವನು ನಗುತ್ತಾನೆ. ಏಜೆಂಟ್ ಅದನ್ನು ಆದೇಶವೆಂದು ತಿಳಿಯುವ ಸಾಧ್ಯತೆ ಇದೆ. 2025ರ ಜೂನ್‌ನಲ್ಲಿ ಬೆಳಕಿಗೆ ಬಂದ ಎಕೋಲೀಕ್ ಎಂಬ ದೋಷ ಇದೇ ಜಾತಿಯದು. ಹೊರಗಿನಿಂದ ಬಂದ ಒಂದು ಇಮೇಲ್, ಮೈಕ್ರೊಸಾಫ್ಟ್ 365 ಕೋಪೈಲಟ್‌ನಿಂದ ಕಂಪನಿಯ ಒಳಗಿನ ಮಾಹಿತಿಯನ್ನು ಹೊರಗೆಳೆಯಬಹುದಿತ್ತೆಂದು ಸಂಶೋಧಕರು ತೋರಿಸಿದರು; ಮೈಕ್ರೊಸಾಫ್ಟ್ ಅದನ್ನು ಸರಿಪಡಿಸಿತು.

ಮೂರನೆಯದು ಅತಿಯಾದ ಅಧಿಕಾರ. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿಯೊಬ್ಬರು ರೆಪ್ಲಿಟ್ ಕಂಪನಿಯ ಏಜೆಂಟ್‌ನಿಂದ ತಂತ್ರಾಂಶ ಬರೆಸುತ್ತಿದ್ದರು. ಏನನ್ನೂ ಬದಲಿಸಬೇಡ ಎಂದು ಸ್ಪಷ್ಟವಾಗಿ ಹೇಳಿದ್ದರೂ ಅದು ಚಾಲ್ತಿಯಲ್ಲಿದ್ದ ದತ್ತಾಂಶವನ್ನೇ ಅಳಿಸಿಹಾಕಿತು, ಮರಳಿ ಪಡೆಯಲು ಆಗದು ಎಂದೂ ತಪ್ಪಾಗಿ ಹೇಳಿತು. ಆಮೇಲೆ ನೋಡಿದರೆ ಮರಳಿ ಪಡೆಯುವ ದಾರಿ ಇತ್ತು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಬೇಡ ಎಂಬ ಮಾತು ಒಂದು ವಿನಂತಿ ಮಾತ್ರ. ಅಳಿಸುವ ಹಕ್ಕೇ ಏಜೆಂಟ್ ಕೈಗೆ ಹೋಗದಂತೆ ನೋಡಿಕೊಂಡಿದ್ದರೆ ಅದೊಂದು ವ್ಯವಸ್ಥೆಯಾಗುತ್ತಿತ್ತು.

ಮಂಡಿಯಲ್ಲಿ ಹೊಸದಾಗಿ ಸೇರಿದ ಗುಮಾಸ್ತ ಎಷ್ಟೇ ಚುರುಕಾಗಿರಲಿ, ಮೊದಲು ಅವನಿಗೆ ಕಿರ್ದಿ ಬರೆಯಲು ಕೊಟ್ಟು, ತಿಜೋರಿಯ ಕೀಲಿಯನ್ನು ಸಾಹುಕಾರ ಸೊಂಟದಲ್ಲೇ ಇಟ್ಟುಕೊಳ್ಳುತ್ತಿದ್ದ. ಅದು ಅಪನಂಬಿಕೆಯಲ್ಲ, ಲೆಕ್ಕದ ಮರ್ಯಾದೆ. ತಂತ್ರಾಂಶ ಜೋಡಿಸುವವರು ಈ ಮರ್ಯಾದೆಯನ್ನು ಮರೆಯುವುದು ಸುಲಭ. ಅನುಮತಿ ಇಲ್ಲವೆಂದು ಏಜೆಂಟ್ ಅಲ್ಲಲ್ಲಿ ನಿಂತರೆ ಪ್ರಾತ್ಯಕ್ಷಿಕೆ ಕೆಡುತ್ತದೆ. ಹಾಗಾಗಿ ಎಲ್ಲ ಬಾಗಿಲೂ ತೆರೆಯುವ ಒಂದು ಐಡಿಯನ್ನು ಅದಕ್ಕೆ ಕೊಟ್ಟುಬಿಡುತ್ತಾರೆ. ಅಂಥ ಐಡಿ ಏನು ಮಾಡಬಲ್ಲದು ಎಂಬುದನ್ನು ಹೈದರಾಬಾದ್ 2009ರಲ್ಲೇ ನೋಡಿದೆ.

'ಎಚ್' ಮತ್ತು 'ಎಸ್'

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಸರ್ವಿಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಕಂಪನಿಯ ಪುಸ್ತಕದಲ್ಲಿರುವ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದಿದ್ದ ಕಂಪನಿ ಅದು. ಬೇರೆ ಕಂಪನಿಗಳಿಗೆ ಸ್ಯಾಪ್, ಒರಾಕಲ್ ತಂತ್ರಾಂಶ ಅಳವಡಿಸಿಕೊಡುವುದು ಅದರ ದೊಡ್ಡ ವ್ಯವಹಾರಗಳಲ್ಲಿ ಒಂದು. ಸಮಗ್ರ ವ್ಯವಸ್ಥೆ ಎಂದರೇನೆಂದು ಊರಿಗೆಲ್ಲ ಹೇಳಿಕೊಡುತ್ತಿದ್ದವರ ಮನೆಯಲ್ಲೇ ಇದು ಹೇಗೆ ನಡೆಯಿತು?

ಸಿಬಿಐ ತನಿಖೆಯಲ್ಲಿ ಹೊರಬಂದ ವಿವರ ಇಂದು ಏಜೆಂಟ್ ತರುವ ಪ್ರತಿಯೊಬ್ಬರೂ ಓದಬೇಕಾದದ್ದು. ಸತ್ಯಂನಲ್ಲಿ ಒಂದು ಬಿಲ್ ಹುಟ್ಟಬೇಕಾದರೆ ಸರಣಿಯೇ ಇತ್ತು. ಒಂದು ತಂತ್ರಾಂಶದಲ್ಲಿ ಪ್ರಾಜೆಕ್ಟ್ ನೋಂದಣಿ, ಇನ್ನೊಂದರಲ್ಲಿ ನೌಕರರು ದುಡಿದ ಗಂಟೆಗಳು, ಮತ್ತೊಂದರಲ್ಲಿ ಬಿಲ್ಲಿನ ಲೆಕ್ಕ. ಇವೆಲ್ಲ ದಾಟಿ ಕೊನೆಗೆ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್‌ನಲ್ಲಿ ಬಿಲ್ ತಯಾರಾಗುತ್ತಿತ್ತು. ಆದರೆ ಕೊನೆಯ ಆ ವ್ಯವಸ್ಥೆಗೆ ಹಿಂಬಾಗಿಲೊಂದಿತ್ತು. ಹಿಂದಿನ ಯಾವ ಕೊಂಡಿಯನ್ನೂ ದಾಟದೆ, ಎಕ್ಸೆಲ್ ಹಾಳೆಯಿಂದ ನೇರವಾಗಿ ಬಿಲ್ಲುಗಳನ್ನು ಒಳಗೆ ಸುರಿಯಬಹುದಿತ್ತು. ಅದಕ್ಕೆ ಬೇಕಾದದ್ದು ಸೂಪರ್ ಯೂಸರ್ ಐಡಿ. ಸಾಮಾನ್ಯ ಬಿಲ್ಲಿಗೆ 'ಎಚ್' ಎಂಬ ಗುರುತು, ಅದು ಎಲ್ಲರಿಗೂ ಕಾಣುತ್ತಿತ್ತು. 'ಎಸ್' ಎಂಬ ಗುರುತು ಹಾಕಿದರೆ ಆ ಬಿಲ್ ಉಳಿದ ವಿಭಾಗಗಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಆದರೆ ಹಣಕಾಸು ವಿಭಾಗದ ಮಾರಾಟದ ಮೊತ್ತದಲ್ಲಿ ಸೇರಿಕೊಳ್ಳುತ್ತಿತ್ತು. ಹೀಗೆ ಅಡಗಿಸಿಟ್ಟ 7,561 ನಕಲಿ ಬಿಲ್ಲುಗಳು ತನಿಖೆಯಲ್ಲಿ ಸಿಕ್ಕವು. 2015ರ ಏಪ್ರಿಲ್‌ನಲ್ಲಿ ಹೈದರಾಬಾದ್‌ನ ವಿಶೇಷ ನ್ಯಾಯಾಲಯ ರಾಜು ಸೇರಿದಂತೆ ಹತ್ತು ಮಂದಿಗೆ ಏಳು ವರ್ಷ ಶಿಕ್ಷೆ ವಿಧಿಸಿತು. ಮರುತಿಂಗಳು ಮೇಲ್ಮನವಿಯ ಹಂತದಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು. ಕಂಪನಿ ಅಷ್ಟರಲ್ಲಿ ಟೆಕ್ ಮಹೀಂದ್ರಾದೊಳಗೆ ಲೀನವಾಗಿತ್ತು.

ಅದು ಗೊತ್ತಿದ್ದೂ ಮಾಡಿದ ಮೋಸ. ಏಜೆಂಟ್‌ಗೆ ದುರುದ್ದೇಶವಿಲ್ಲ. ಹಾಗಿದ್ದರೂ ಎರಡಕ್ಕೂ ಬೇಕಾದ ಬಿರುಕು ಒಂದೇ ಜಾತಿಯದು. ಹಿಂದಿನ ಕೊಂಡಿ ಇಲ್ಲದೆ ಎಂಟ್ರಿ ಹಾಕುವ ಅವಕಾಶ, ಕೆಲವರಿಗೆ ಮಾತ್ರ ಕಾಣುವ ದಾಖಲೆ, ಯಾರ ಅಪ್ಪಣೆಯೂ ಬೇಡದ ಐಡಿ. ಮನುಷ್ಯನಾದರೆ 7,561 ಬಿಲ್ ಸೃಷ್ಟಿಸಲು ವರ್ಷಗಳು ಬೇಕಾದವು. ತಪ್ಪು ತಿಳಿವಳಿಕೆಯಿಂದ ನಡೆಯುವ ಏಜೆಂಟ್‌ಗೆ ಒಂದು ಮಧ್ಯಾಹ್ನ ಸಾಕು.

ಇಲ್ಲಿ ಸತ್ಯ ನಾಡೆಲ್ಲಾ ಅವರ ಒಂದು ಅಭಿಪ್ರಾಯವನ್ನು ಎದುರಿಡಬೇಕು. ಹೈದರಾಬಾದ್‌ನಲ್ಲಿ ಹುಟ್ಟಿ, ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿ, ಮೈಕ್ರೊಸಾಫ್ಟ್ ಮುಖ್ಯಸ್ಥರಾದವರು. 2024ರ ಡಿಸೆಂಬರ್‌ನ ಒಂದು ಪಾಡ್‌ಕಾಸ್ಟ್‌ನಲ್ಲಿ ಅವರು ಹೇಳಿದ್ದರ ಸಾರ ಇದು: ವ್ಯವಹಾರ ತಂತ್ರಾಂಶಗಳೆಂದರೆ ಮೂಲತಃ ಒಂದು ದತ್ತಾಂಶ ಕೋಶ, ಅದರ ಮೇಲೆ ಒಂದಷ್ಟು ವ್ಯವಹಾರ ನಿಯಮಗಳು, ಆ ನಿಯಮಗಳು ಮುಂದೆ ಏಜೆಂಟ್‌ಗಳ ಪದರಕ್ಕೆ ಸಾಗಲಿವೆ. ಪರದೆಗಳ ಮಟ್ಟಿಗೆ ಈ ಮಾತು ನಿಜವಾಗಬಹುದು. ಹತ್ತು ಮೆನು ದಾಟಿ ಹನ್ನೊಂದನೆಯದರಲ್ಲಿ ವೋಚರ್ ಹಾಕುವ ಕಷ್ಟ ಯಾರಿಗೂ ಬೇಡ. ನಿಯಮಗಳ ಮಟ್ಟಿಗೆ ಒಪ್ಪುವುದು ಕಷ್ಟ. ಪಿಒ ಇಲ್ಲದೆ ಬಿಲ್ ಪಾಸಾಗಬಾರದು, ಎಂಟ್ರಿ ಹಾಕಿದವರೇ ಅಪ್ರೂವ್ ಮಾಡಬಾರದು ಎಂಬಂಥ ನಿಯಮ ಪ್ರತಿ ಸಲವೂ ಒಂದೇ ಉತ್ತರ ಕೊಡಬೇಕು. ಭಾಷಾ ಮಾದರಿ ಪ್ರತಿ ಸಲ ಯೋಚಿಸಿ ಉತ್ತರಿಸುವಂಥದ್ದು. ಬೇಸಿಗೆಯ ಬಿಸಿಲನ್ನು ನೆನೆದು 170 ಕಿಲೊಗೆ ಸಮಾಧಾನ ಹೇಳಬಲ್ಲದ್ದು. ವಿವೇಚನೆ ಏಜೆಂಟ್‌ನಲ್ಲಿರಲಿ, ನಿಯಮ ಇಆರ್‌ಪಿಯಲ್ಲೇ ಉಳಿಯಲಿ. ವೇಬ್ರಿಡ್ಜ್ ಚೀಟಿಯ ಅಂಕಿ ಸೇರದೆ ಬಿಲ್ ಮುಂದೆ ಹೋಗದಂತೆ ತಂತ್ರಾಂಶ ಹಟ ಹಿಡಿದರೆ, ಏಜೆಂಟ್ ಎಷ್ಟು ಜಾಣವಾಗಿದ್ದರೂ ಹಾನಿಯಿಲ್ಲ.

ಔಷಧ ಕಾರ್ಖಾನೆಯ ಶಿಸ್ತು

ಇಂಥ ಹಟ ಹೈದರಾಬಾದ್‌ಗೆ ಹೊಸದೇನಲ್ಲ. ಸತ್ಯಂ ಕಲಿಸಿದ್ದನ್ನು ಇದೇ ಊರಿನ ಔಷಧ ಕಾರ್ಖಾನೆಗಳು ಬೇರೆ ದಾರಿಯಿಂದ ಕಲಿತಿವೆ. ಅಮೆರಿಕಕ್ಕೆ ಮಾತ್ರೆ ಮಾರಬೇಕಾದರೆ ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ನಿಯಮ ಪಾಲಿಸಬೇಕು. 1997ರ 21 ಸಿಎಫ್‌ಆರ್ ಪಾರ್ಟ್ 11 ನಿಯಮದ ಪ್ರಕಾರ, ಕಂಪ್ಯೂಟರ್‌ನಲ್ಲಿ ಇಟ್ಟ ಪ್ರತಿ ದಾಖಲೆಯನ್ನೂ ಯಾರು, ಯಾವಾಗ ಮಾಡಿದರು, ಏನನ್ನು ಬದಲಿಸಿದರು ಎಂಬ ಜಾಡು ತಾನಾಗಿ ಉಳಿಯಬೇಕು, ಹಳೆಯ ಬರಹ ಮರೆಯಾಗಬಾರದು. ಕ್ವಾಲಿಟಿ ವಿಭಾಗದವರ ಬಾಯಲ್ಲಿ ಸದಾ ಇರುವ ಅಲ್ಕೋವ ಎಂಬ ಸೂತ್ರದ ಸಾರವೂ ಇದೇ. ಯಾರು ಮಾಡಿದ್ದೆಂದು ತಿಳಿಯಬೇಕು, ಓದಲು ಬರಬೇಕು, ಆ ಕ್ಷಣದಲ್ಲೇ ಬರೆದಿರಬೇಕು, ಮೂಲ ದಾಖಲೆಯೇ ಆಗಿರಬೇಕು, ನಿಖರವಾಗಿರಬೇಕು. ಕಳೆದ ದಶಕದಲ್ಲಿ ಭಾರತದ ಎಷ್ಟೋ ಕಾರ್ಖಾನೆಗಳು ಎಫ್‌ಡಿಎ ಎಚ್ಚರಿಕೆ ಪತ್ರ ತಿಂದದ್ದು ಮಾತ್ರೆ ಕೆಟ್ಟಿತ್ತೆಂದಲ್ಲ. ಪ್ರಯೋಗಾಲಯದಲ್ಲಿ ನಾಲ್ವರು ಒಂದೇ ಪಾಸ್‌ವರ್ಡ್ ಬಳಸಿದ್ದರಿಂದ, ಬೇಡದ ಪರೀಕ್ಷಾ ಫಲಿತಾಂಶವನ್ನು ಅಳಿಸಿದ್ದರಿಂದ.

ಯಂತ್ರ ಬುದ್ಧಿಯ ಬಗ್ಗೆ ಈ ಕಾರ್ಖಾನೆಗಳಿಗೆ ಹೆದರಿಕೆಯಿಲ್ಲ. ಬಾಚುಪಲ್ಲಿಯಲ್ಲಿರುವ ಡಾ. ರೆಡ್ಡೀಸ್ ಘಟಕವನ್ನು ವಿಶ್ವ ಆರ್ಥಿಕ ವೇದಿಕೆ 2022ರಲ್ಲಿ ಡಿಜಿಟಲ್ ತಂತ್ರಜ್ಞಾನ ಬಳಕೆಯಲ್ಲಿ ಜಗತ್ತಿಗೆ ಮಾದರಿಯಾದ ಲೈಟ್‌ಹೌಸ್ ಕಾರ್ಖಾನೆಗಳ ಸಾಲಿಗೆ ಸೇರಿಸಿತು. ಹೊಸ ತಂತ್ರಜ್ಞಾನ ಮತ್ತು ಹಳೆಯ ಶಿಸ್ತು ಒಟ್ಟಿಗೆ ಬಾಳಬಲ್ಲವು. ಏಜೆಂಟ್ ತರುವ ಕಂಪನಿ ಅದಕ್ಕೆ ತನ್ನದೇ ಐಡಿ ಕೊಡಬೇಕು, ಯಾರದೋ ಮ್ಯಾನೇಜರ್ ಲಾಗಿನ್ ಹಂಚಿಕೊಡಬಾರದು. ಅದು ಯಾವ ಕಾಗದ ಓದಿ, ಯಾವ ಕಾರಣಕ್ಕೆ, ಯಾವ ಎಂಟ್ರಿ ಹಾಕಿತೆಂಬುದು ಅಳಿಸಲಾಗದಂತೆ ಉಳಿಯಬೇಕು. ಔಷಧ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೂತವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಪಕ್ಕದ ಕೋಣೆಯ ಅಕೌಂಟ್ಸ್‌ನವರು ಅವರನ್ನು ಕೇಳಿದರೆ ಸಾಕು.

ಹೊಣೆ ಯಾರದು

ಕಾನೂನು ಈ ವಿಷಯದಲ್ಲಿ ನಾವು ಎಣಿಸಿದ್ದಕ್ಕಿಂತ ಮುಂದಿದೆ. 2023ರ ಏಪ್ರಿಲ್ 1ರಿಂದ ದೇಶದ ಪ್ರತಿ ಕಂಪನಿಯ ಲೆಕ್ಕದ ತಂತ್ರಾಂಶದಲ್ಲೂ ಆಡಿಟ್ ಟ್ರೇಲ್ ಇರಲೇಬೇಕು. ಪ್ರತಿ ತಿದ್ದುಪಡಿಯೂ ತಾರೀಖಿನ ಸಮೇತ ದಾಖಲಾಗಬೇಕು, ಆ ಸೌಲಭ್ಯವನ್ನು ಯಾರೂ ಆರಿಸುವಂತಿರಬಾರದು, ಲೆಕ್ಕ ಪರಿಶೋಧಕರು ಅದರ ಬಗ್ಗೆ ವರದಿ ಮಾಡಬೇಕು. 'ಎಸ್' ಗುರುತಿನ ಬಿಲ್ಲುಗಳ ಕಾಲಕ್ಕೆ ಇಂಥ ನಿಯಮ ಇರಲಿಲ್ಲ.

ಏಜೆಂಟ್ ಕಳಿಸಿದ ಪತ್ರಕ್ಕೆ ಯಾರು ಬಾಧ್ಯರು? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಕಲಂ ಇದಕ್ಕೆ ಉತ್ತರ ಕೊಟ್ಟಾಗಿದೆ. ಒಬ್ಬರ ಪರವಾಗಿ ತಾನಾಗಿ ನಡೆಯುವಂತೆ ಸಿದ್ಧಪಡಿಸಿದ ವ್ಯವಸ್ಥೆ ಕಳಿಸಿದ ದಾಖಲೆ, ಆ ವ್ಯಕ್ತಿಯೇ ಕಳಿಸಿದ್ದೆಂದು ಲೆಕ್ಕ. ಕೆನಡಾದಲ್ಲಿ ಇದು ಮೊಕದ್ದಮೆಯಾಗಿಯೇ ಬಂತು. ಏರ್ ಕೆನಡಾದ ಚಾಟ್‌ಬಾಟ್, ಕುಟುಂಬದಲ್ಲಿ ಸಾವು ಸಂಭವಿಸಿದವರಿಗೆ ಕೊಡುವ ರಿಯಾಯಿತಿ ದರದ ಬಗ್ಗೆ ಪ್ರಯಾಣಿಕರೊಬ್ಬರಿಗೆ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ಮಾತಿಗೆ ತಾನು ಹೊಣೆಯಲ್ಲ ಎಂಬ ವಾದವನ್ನು 2024ರ ಫೆಬ್ರುವರಿಯಲ್ಲಿ ನ್ಯಾಯಮಂಡಳಿ ತಳ್ಳಿಹಾಕಿ ಪರಿಹಾರ ಕೊಡಿಸಿತು.

ಇದರ ಬಿಸಿ ತಟ್ಟುವುದು ದೊಡ್ಡವರಿಗೆ ಮಾತ್ರವಲ್ಲ. ಬೀದರ್ ಜಿಲ್ಲೆಯ ಹುಮನಾಬಾದ್, ಯಾದಗಿರಿ ಜಿಲ್ಲೆಯ ಕಡೇಚೂರಿನ ಕೈಗಾರಿಕಾ ಪ್ರದೇಶಗಳ ಘಟಕಗಳಿಗೆ ಹೈದರಾಬಾದ್ ಜೊತೆ ದಿನನಿತ್ಯದ ವಹಿವಾಟಿದೆ. ಅಲ್ಲಿನ ಸಣ್ಣ ಉದ್ಯಮಿಗೆ 45 ದಿನದೊಳಗೆ ಹಣ ಸಂದಾಯವಾಗಬೇಕೆಂದು ಸಣ್ಣ ಉದ್ಯಮಗಳ ಕುರಿತ 2006ರ ಕಾಯ್ದೆಯೇ ಹೇಳುತ್ತದೆ. ಅವನ ಬಿಲ್ಲನ್ನು ಏಜೆಂಟ್ ತಡೆಹಿಡಿದರೆ, ಅವನು ಕೇಳಿದ್ದಕ್ಕೆಲ್ಲ ಇನ್ನೊಂದು ಏಜೆಂಟ್ ಸವಿನಯವಾಗಿ ಉತ್ತರ ಬರೆಯುತ್ತಿದ್ದರೆ, ಅವನು ತನ್ನ ಕೆಲಸಗಾರರಿಗೆ ಸಂಬಳ ಕೊಡಬೇಕಾದ ದಿನ ಯಾರು ಕಾಯುತ್ತಾರೆ? ಹಿಂದೆ ಅಕೌಂಟ್ಸ್‌ನಲ್ಲಿ ಪರಿಚಯದ ಒಬ್ಬರಿದ್ದರು. «ಸಾರ್, ನಮ್ಮ ಬಿಲ್ ಏನಾಯ್ತ್ರೀ?» ಎಂದು ಬೀದರ್‌ನಿಂದ ಫೋನ್ ಹೋದರೆ ಎದ್ದು ಫೈಲ್ ನೋಡುತ್ತಿದ್ದರು. ಪ್ರತಿ ತಡೆಗೂ ಕಾರಣ, ಪ್ರತಿ ಕಾರಣದ ಕೆಳಗೆ ಒಬ್ಬ ಮನುಷ್ಯನ ಹೆಸರು ಮತ್ತು ಫೋನ್ ನಂಬರ್ ಇರಬೇಕೆಂದು ಕಂಪನಿಗಳು ತಾವೇ ನಿಯಮ ಮಾಡಿಕೊಳ್ಳುವುದು ಒಳ್ಳೆಯದು.

ಅಮೀರ್‌ಪೇಟೆಗೆ ಹೋಗುವವರಿಗೆ

ಕಲಬುರಗಿ, ಬೀದರ್, ರಾಯಚೂರಿನ ಪದವೀಧರರಿಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ. 1956ರವರೆಗೆ ಒಂದೇ ರಾಜ್ಯವಾಗಿದ್ದ ನೆಲ. ಅವರಲ್ಲಿ ಎಷ್ಟೋ ಮಂದಿ ಮೊದಲು ಇಳಿಯುವುದು ಅಮೀರ್‌ಪೇಟೆಯಲ್ಲಿ. ಮೈತ್ರಿವನಂ, ಆದಿತ್ಯ ಎನ್‌ಕ್ಲೇವ್ ಸುತ್ತಮುತ್ತ ಒಂದರ ಮೇಲೊಂದು ನೇತುಬಿದ್ದ ತರಬೇತಿ ಕೇಂದ್ರಗಳ ಬೋರ್ಡುಗಳು ಉದ್ಯೋಗ ಮಾರುಕಟ್ಟೆಯ ನಾಡಿ ಹೇಳುತ್ತವೆ. ಸ್ಯಾಪ್ ಫೈಕೊ, ಸ್ಯಾಪ್ ಎಂಎಂ, ಒರಾಕಲ್ ಕೋರ್ಸುಗಳಿಂದ ಒಂದು ಇಡೀ ಪೀಳಿಗೆ ಹೊಟ್ಟೆ ಹೊರೆದಿದೆ. ಏಜೆಂಟ್ ಬಂದ ಮೇಲೆ ಇವರ ಗತಿ?

ಬಿಲ್ ನೋಡಿ ಎಂಟ್ರಿ ಹಾಕುವುದಷ್ಟೇ ಗೊತ್ತಿರುವವರಿಗೆ ಕಷ್ಟದ ಕಾಲ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆಚ್ಚು ಚಿಂತೆಯದು ಇನ್ನೊಂದು. ಎಂಟ್ರಿ ಹಾಕುತ್ತ ಹಾಕುತ್ತಲೇ ಹುಡುಗರು ಲೆಕ್ಕ ಕಲಿಯುತ್ತಿದ್ದರು, ನಾಲ್ಕು ವರ್ಷಕ್ಕೆ ತಪ್ಪು ಹಿಡಿಯುವಷ್ಟು ಪಳಗುತ್ತಿದ್ದರು. ಮೊದಲ ಮೆಟ್ಟಿಲನ್ನೇ ಏಜೆಂಟ್‌ಗೆ ಕೊಟ್ಟರೆ ನಾಳೆ ಏಜೆಂಟ್‌ನ ತಪ್ಪು ಹಿಡಿಯುವವರು ಎಲ್ಲಿಂದ ಬರುತ್ತಾರೆ? ಹೊಸಬರ ಕೈಯಲ್ಲಿ ಏಜೆಂಟ್ ಹಾಕಿದ ಎಂಟ್ರಿಗಳನ್ನು ಪರೀಕ್ಷೆ ಮಾಡಿಸುವುದು, ತಡೆಹಿಡಿದ ಬಿಲ್ಲುಗಳನ್ನು ಗೋದಾಮಿಗೆ ಹೋಗಿ ನೋಡಿಬರಲು ಕಳಿಸುವುದು ಒಂದು ದಾರಿ. ಕಲಿಯುವವರಿಗೂ ಒಂದು ಮಾತು: ಏಜೆಂಟ್ ಕಟ್ಟುವ ಉಪಕರಣಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಜಮಾ ಖರ್ಚಿನ ನಿಯಮ, ಎಂಟ್ರಿ ಹಾಕುವ ಮೇಕರ್ ಮತ್ತು ಅದನ್ನು ಒಪ್ಪುವ ಚೆಕರ್ ಬೇರೆಯಿರಬೇಕೆಂಬ ಶಿಸ್ತು, ಜಿಎಸ್‌ಟಿಯ ಒಳಸುಳಿ ಅಷ್ಟು ಬೇಗ ಬದಲಾಗುವುದಿಲ್ಲ. ಇವು ಗೊತ್ತಿದ್ದವರಿಗೆ ಏಜೆಂಟ್ ಕೈಯಾಳು. ಗೊತ್ತಿಲ್ಲದವರಿಗೆ ಅದೇ ಯಜಮಾನ.

ಯಾವ ಕ್ರಮದಲ್ಲಿ ಕೊಡಬೇಕು

ಅಧಿಕಾರವನ್ನು ಹಂತಹಂತವಾಗಿ ಕೊಡುವುದು ಲೇಸು. ಮೊದಲ ಹಂತದಲ್ಲಿ ಏಜೆಂಟ್ ಓದಲಿ ಮಾತ್ರ. ತಾಳೆ ನೋಡಿ ವರದಿ ಕೊಡಲಿ. ಒಂದೆರಡು ಮಂತ್ ಎಂಡ್ ಹೀಗೆ ಕಳೆದು, ಅದರ ವರದಿಯನ್ನು ಮನುಷ್ಯರ ವರದಿಯ ಪಕ್ಕದಲ್ಲಿಟ್ಟು ನೋಡಬೇಕು. ಆಮೇಲೆ ಕರಡು ಎಂಟ್ರಿ ಸಿದ್ಧಪಡಿಸಲಿ, ಮನುಷ್ಯ ಒಪ್ಪಿದ ಮೇಲೆ ಅದು ಪುಸ್ತಕಕ್ಕೆ ಹೋಗಲಿ. ಒಪ್ಪುವವರು ನೂರು ಎಂಟ್ರಿಗೆ ಒಂದೇ ಸಲ ಒತ್ತಿಬಿಡದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಚೆಕರ್ ಹೆಸರಿಗಷ್ಟೇ ಉಳಿಯುತ್ತಾನೆ. ಮೂರನೆಯ ಹಂತದಲ್ಲಿ, ಸಣ್ಣ ಮೊತ್ತದ, ಮೂರೂ ಕಾಗದ ಚೊಕ್ಕವಾಗಿ ತಾಳೆಯಾದ, ತಪ್ಪಾದರೆ ಹಿಂದಿರುಗಿಸಬಹುದಾದ ಎಂಟ್ರಿಗಳನ್ನು ಅದು ತಾನೇ ಹಾಕಲಿ. ಪೂರೈಕೆದಾರನ ಬ್ಯಾಂಕ್ ಖಾತೆ ಬದಲಿಸುವುದು, ತನ್ನ ಅಧಿಕಾರವನ್ನು ತಾನೇ ಹೆಚ್ಚಿಸಿಕೊಳ್ಳುವುದು, ದಾಖಲೆ ಅಳಿಸುವುದು, ಈ ಮೂರಕ್ಕೆ ಯಾವ ಹಂತದಲ್ಲೂ ಅನುಮತಿ ಬೇಡ.

2027ರ ಕೊನೆಯೊಳಗೆ ಏಜೆಂಟ್ ಯೋಜನೆಗಳಲ್ಲಿ 40 ಪ್ರತಿಶತಕ್ಕಿಂತ ಹೆಚ್ಚಿನವು ರದ್ದಾಗಲಿವೆ ಎಂದು ಗಾರ್ಟ್‌ನರ್ ಸಂಸ್ಥೆ 2025ರ ಜೂನ್‌ನಲ್ಲಿ ಅಂದಾಜು ಮಾಡಿತ್ತು. ಏರುವ ಖರ್ಚು, ಸ್ಪಷ್ಟವಲ್ಲದ ಲಾಭ, ಅಪಾಯದ ಮೇಲೆ ಹಿಡಿತವಿಲ್ಲದಿರುವುದು ಅದು ಕೊಟ್ಟ ಕಾರಣಗಳು. ಮೂರನೆಯ ಕಾರಣವನ್ನಾದರೂ ಕೊಳ್ಳುವ ಮುನ್ನವೇ ಪರೀಕ್ಷಿಸಬಹುದು. ಮಾರಲು ಬಂದವರು ಏಜೆಂಟ್ ಏನೇನು ಮಾಡುತ್ತದೆಂದು ಒಂದು ಗಂಟೆ ತೋರಿಸುತ್ತಾರೆ. ಅದು ಮುಗಿದ ಮೇಲೆ ಇನ್ನೊಂದು ಗಂಟೆ ಕೂರಿಸಿಕೊಂಡು, ಇದು ಏನನ್ನು ಮಾಡಲಾರದು ತೋರಿಸಿ ಎಂದು ಕೇಳಬೇಕು. ಪಿಒ ಇಲ್ಲದ ಬಿಲ್ ಕೊಟ್ಟು ಪಾಸ್ ಮಾಡಲು ಹೇಳಿ, ಖಾತೆ ಬದಲಿಸಲು ಹೇಳಿ, ನಿನ್ನೆಯ ಎಂಟ್ರಿ ಅಳಿಸಲು ಹೇಳಿ. ಪ್ರತಿ ಸಲವೂ ಇಆರ್‌ಪಿ ಅದನ್ನು ತಡೆದು, ಆ ತಡೆಯನ್ನೂ ಬರೆದಿಟ್ಟುಕೊಂಡರೆ ಮಾತ್ರ ಬೆಲೆಯ ಮಾತಾಡಿ.